ಕಾರ್ಡು ಕಿಸೆಯಲ್ಲಿದೆ, ಹೆಸರು ಪಟ್ಟಿಯಲ್ಲಿದೆಯೇ?



ಈ ಸಲ ಅಡಿಕೆ ಧಾರಣೆಯ ಬಗ್ಗೆ ಬರೆಯಬೇಕಿತ್ತು. ಬೆಳೆಸಾಲದ ನವೀಕರಣದ ಹೊತ್ತಿಗೆ ನಾವು ಪಡುವ ಪಾಡಿನ ಬಗ್ಗೆ ಬರೆಯಬೇಕಿತ್ತು. ಎರಡನ್ನೂ ಒತ್ತಟ್ಟಿಗಿಟ್ಟು ಮತದ ಕಾರ್ಡಿನ ವಿಷಯ ಎತ್ತಿಕೊಂಡಿದ್ದೇನೆ. "ಇದೆಂತಕ್ಕೆ? ಚುನಾವಣೆ ಎಂಬುದು ಪುಢಾರಿಗಳ ಕೆಲಸ, ನಮಗೆ ಧಾರಣೆ ಸಿಕ್ಕರೆ ಸಾಕು" ಎಂದು ನಿಮ್ಮಲ್ಲಿ ಕೆಲವರು ಪುಟ ಮಗುಚಬಹುದು. ಸ್ವಲ್ಪ ತಡೆಯಿರಿ. ಧಾರಣೆ ಬಿದ್ದಾಗ, ಕೊಳೆ ರೋಗಕ್ಕೆ ತೋಟ ಹೋದಾಗ, ಸಾಲದ ನೋಟೀಸು ಬಂದಾಗ ನಮ್ಮ ಕೈಯಲ್ಲಿ ಉಳಿಯುವುದೇನು? ವ್ಯಾಪಾರಿಯ ಕೈಯಲ್ಲಿ ದುಡ್ಡಿದೆ, ಅಧಿಕಾರಿಯ ಕೈಯಲ್ಲಿ ಕಾಯಿದೆ ಇದೆ. ನಮ್ಮ ಕೈಯಲ್ಲಿರುವುದು ತಲೆಯೆಣಿಕೆ ಒಂದೇ. 1980ರ ಜುಲೈಯಲ್ಲಿ ನರಗುಂದ-ನವಲಗುಂದದಲ್ಲಿ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು. ಆಗಿನ ಸರ್ಕಾರಕ್ಕೆ ಅದರ ಬಿಸಿ ನಿಜವಾಗಿ ತಟ್ಟಿದ್ದು ಯಾವಾಗ? 1983ರ ಜನವರಿಯಲ್ಲಿ, ಮತಪೆಟ್ಟಿಗೆ ಒಡೆದಾಗ. ಆ ತಲೆಯೆಣಿಕೆಯಿಂದಲೇ ನಮ್ಮ ತಲೆ ತಪ್ಪಿಹೋದರೆ?

ಒಂದು ಸಂಗತಿ ಹೇಳುತ್ತೇನೆ, ನಾನೇ ಕಣ್ಣಾರೆ ಕಂಡದ್ದು. 2019ರ ಏಪ್ರಿಲ್ 23, ಲೋಕಸಭೆಗೆ ಮತದಾನ. ನಮ್ಮ ಪಕ್ಕದ ಕೇರಿಯ ಅಜ್ಜಿಯೊಬ್ಬರು, ಆಗ ಎಂಬತ್ತರ ಹತ್ತಿರದವರು, ಹಳ್ಳದ ಸಂಕ ದಾಟಿ, ಬೆಟ್ಟದ ಹಾದಿಯಲ್ಲಿ ಏರಿ ಇಳಿದು, ಕೋಲೂರಿಕೊಂಡು ಶಾಲೆಗೆ ಬಂದರು. ಕೈಯಲ್ಲಿ ಮತದಾರರ ಚೀಟಿ. ಚೀಟಿಯ ಮೇಲೆ ಅವರದೇ ಫೋಟೋ ಇತ್ತು. ಹಿಂದಿನ ವರ್ಷ, 2018ರ ಮೇ ತಿಂಗಳ ವಿಧಾನಸಭೆ ಚುನಾವಣೆಯಲ್ಲಿ, ಇಂಥದೇ ಚೀಟಿ ತೋರಿಸಿ ಮತ ಹಾಕಿ ಹೋಗಿದ್ದರು. ಈ ಸಲ ಮೇಜಿನ ಹಿಂದೆ ಕೂತವರು, ಬೇರೆ ತಾಲೂಕಿನಿಂದ ಬಂದ ಒಬ್ಬ ಮಾಸ್ತರರು, ಬಹಳ ಮರ್ಯಾದೆಯಿಂದಲೇ ಹೇಳಿದರು: "ಅಜ್ಜಿ, ಈ ಚೀಟಿ ಒಂದೇ ಸಾಕಾಗುವುದಿಲ್ಲ. ಮತದ ಕಾರ್ಡು ಅಥವಾ ಆಧಾರ್ ಬೇಕು." ಅಜ್ಜಿ ಅವರನ್ನು ಬಿಟ್ಟು, ಪಕ್ಷದ ಏಜೆಂಟಾಗಿ ಕೂತಿದ್ದ ಹುಡುಗನ ಕಡೆ ತಿರುಗಿ ಕೇಳಿದರು: "ಆನು ಯಾರು ಹೇಳಿ ನಿಂಗೆ ಗೊತ್ತಿಲ್ಯನ ತಮಾ?"

ಗೊತ್ತಿಲ್ಲದೆ ಏನು? ಆ ಹುಡುಗನಿಗೂ ಗೊತ್ತು, ಎದುರು ಪಕ್ಷದ ಏಜೆಂಟನಿಗೂ ಗೊತ್ತು, ಸಾಲಿನಲ್ಲಿ ನಿಂತ ಮೂವತ್ತು ಮಂದಿಗೂ ಗೊತ್ತು. ಆದರೆ ನಿಯಮಕ್ಕೆ ಗೊತ್ತಿಲ್ಲ. ಆ ವರ್ಷ ಫೆಬ್ರವರಿ ಕೊನೆಗೆ ಚುನಾವಣಾ ಆಯೋಗ ಆದೇಶ ಮಾಡಿತ್ತು, ಫೋಟೋ ಚೀಟಿಯೊಂದನ್ನೇ ಗುರುತಿನ ದಾಖಲೆಯಾಗಿ ಒಪ್ಪಕೂಡದು ಎಂದು. ಹಾಗೆಂದು ಚೀಟಿಯ ಮೇಲೆ ಅಚ್ಚೂ ಹಾಕಿದ್ದರು. ಎಂಬತ್ತರ ಕಣ್ಣಿಗೆ ಅದು ಕಾಣಬೇಕಲ್ಲ! ಅಜ್ಜಿಯ ಮತದ ಕಾರ್ಡು ಮನೆಯ ಅಟ್ಟದ ಮೇಲೆ ಯಾವುದೋ ಟ್ರಂಕಿನಲ್ಲಿ. ಆಧಾರ್ ಇತ್ತು, ಅದು ಶಿರಸಿಯಲ್ಲಿ ಮಗಳ ಮನೆಯಲ್ಲಿ. ಮತ್ತೆ ಹೋಗಿ ಬರುವ ಕಾಲು ಅವರಿಗಿರಲಿಲ್ಲ. ಶಾಲೆಯ ಜಗುಲಿಯಲ್ಲಿ ಕೂತು ಒಂದು ಲೋಟ ನೀರು ಕುಡಿದು ವಾಪಸು ಹೊರಟರು. ನಾನು ಸ್ಕೂಟರಿನಲ್ಲಿ ಬಿಟ್ಟು ಬಂದೆ. ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ.

ಆ ಮಾಸ್ತರರ ಮೇಲೆ ನನಗೆ ಸಿಟ್ಟಿಲ್ಲ. ಅವರು ನಿಯಮ ಪಾಲಿಸಿದರು. ನನಗೆ ತಿಳಿಯಬೇಕಾದ್ದು ಇಷ್ಟೇ: ಊರಿಗೆ ಊರೇ ಗುರುತಿಸುವ ಮನುಷ್ಯನನ್ನು ಸರ್ಕಾರ ಗುರುತಿಸದಂತಾದದ್ದು ಯಾವಾಗ, ಹೇಗೆ?

ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಬ್ರಿಟಿಷರ ಕಾಲದಲ್ಲಿ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆಗ ಮತ ಎಂಬುದು ಭೂಕಂದಾಯಕ್ಕೋ, ಆಸ್ತಿಗೋ, ಓದಿಗೋ ಅಂಟಿಕೊಂಡಿತ್ತು. ಕಂದಾಯದ ರಸೀದಿಯೇ ಗುರುತಿನ ಚೀಟಿ ಎನ್ನಿ. ಸಿದ್ದಾಪುರ, ಅಂಕೋಲೆಯ ರೈತರು 1932ರ ಸುಮಾರಿಗೆ ಕರನಿರಾಕರಣೆ ಮಾಡಿ ಭೂಮಿ ಕಳೆದುಕೊಂಡರಲ್ಲ, ಆ ಕಾಲದ ಲೆಕ್ಕದಲ್ಲಿ ಭೂಮಿ ಹೋದವನಿಗೆ ಮತವೂ ದೂರ. ಸ್ವಾತಂತ್ರ್ಯ ಬಂದ ಮೇಲೆ ಈ ದೇಶ ಮಾಡಿದ ದೊಡ್ಡ ಕೆಲಸವೆಂದರೆ ಆ ಕೊಂಡಿಯನ್ನು ಕಳಚಿದ್ದು. ಭೂಮಿ ಇರಲಿ ಬಿಡಲಿ, ಓದಿರಲಿ ಬಿಡಲಿ, ಪ್ರಾಯಕ್ಕೆ ಬಂದ ಪ್ರತಿಯೊಬ್ಬನಿಗೂ ಪ್ರತಿಯೊಬ್ಬಳಿಗೂ ಒಂದು ಮತ. ಸಾಲಗಾರನಿಗೂ ಒಂದೇ, ಸಾಹುಕಾರನಿಗೂ ಒಂದೇ. ನೆನಪಿರಲಿ, ನಮ್ಮದೇ ಸಹಕಾರಿ ಸಂಘದಲ್ಲಿ ಸುಸ್ತಿದಾರನಾದವನಿಗೆ ಮತ ಇಲ್ಲ. ಲೋಕಸಭೆ, ವಿಧಾನಸಭೆಗೆ ಹಾಗಿಲ್ಲ. ಕುತ್ತಿಗೆ ತನಕ ಸಾಲ ಇದ್ದವನೂ ಅಲ್ಲಿ ಪೂರಾ ಮನುಷ್ಯ.

ಆದರೂ ಮೊದಲ ಪಟ್ಟಿಯಲ್ಲೇ ಒಂದು ಎಡವಟ್ಟಾಯಿತು. 1951-52ರ ಮಹಾಚುನಾವಣೆಗೆ ಪಟ್ಟಿ ಬರೆಯುವಾಗ ಉತ್ತರ ಭಾರತದ ಅನೇಕ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವನ ತಾಯಿ, ಇಂಥವನ ಹೆಂಡತಿ ಎಂದೇ ಬರೆಸಿದರು. ಸ್ವಂತ ಹೆಸರು ಬೇಕೇ ಬೇಕು ಎಂದು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ಹಟ ಹಿಡಿದರು. ಹೆಸರು ಕೊಡದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಸೇನರ ಉದ್ದೇಶ ಒಳ್ಳೆಯದೇ, ಹೆಣ್ಣಿಗೆ ಅವಳದೇ ಹೆಸರಿರಲಿ ಎಂದು. ಆದರೆ ನಿಯಮ ಒಳ್ಳೆಯದಾದರೂ ಅದರ ಭಾರ ಬಿದ್ದದ್ದು ಯಾರ ಮೇಲೆ ನೋಡಿ.

ಫೋಟೋ ಕಾರ್ಡಿನ ಯೋಚನೆಯೂ ಹಳೆಯದೇ. 1960ರಲ್ಲಿ ಕಲ್ಕತ್ತೆಯ ಒಂದು ಕ್ಷೇತ್ರದಲ್ಲಿ ಪ್ರಯತ್ನಿಸಿ ನೋಡಿದರು, ಕೈಗೂಡಲಿಲ್ಲ. ಎಷ್ಟೋ ಹೆಂಗಸರು ಫೋಟೋಕ್ಕೆ ಕೂರಲು ಒಪ್ಪಲಿಲ್ಲ. ಮುಂದೆ 1993ರ ಆಗಸ್ಟಿನಲ್ಲಿ ಟಿ.ಎನ್. ಶೇಷನ್ ಅವರು ದೇಶಕ್ಕೆಲ್ಲ ಫೋಟೋ ಗುರುತಿನ ಚೀಟಿ ಎಂದು ಆದೇಶ ಹೊರಡಿಸಿದರು. 1995ರ ಜನವರಿಯೊಳಗೆ ಕಾರ್ಡು ಕೊಡದಿದ್ದರೆ ಚುನಾವಣೆಯನ್ನೇ ನಡೆಸುವುದಿಲ್ಲ ಎಂದು ಗುಡುಗಿದರು. ಆ ಗಡುವು ನಿಲ್ಲಲಿಲ್ಲ, ಆದರೆ ಕಾರ್ಡು ಬಂತು. ನಮ್ಮಲ್ಲಿಗೂ ಕ್ಯಾಮೆರಾ ಬಂತು. ಶಾಲೆಯ ಕೋಣೆಯಲ್ಲಿ ಬಿಳಿ ಬಟ್ಟೆ ಕಟ್ಟಿ, ಸ್ಟೂಲಿನ ಮೇಲೆ ಕೂರಿಸಿ ಒಬ್ಬೊಬ್ಬರದೇ ಫೋಟೋ ಹೊಡೆದರು. ಕಾರ್ಡು ಕೈಗೆ ಬಂದಾಗ ನನ್ನ ಮುಖ ನನಗೇ ಗುರುತು ಸಿಗಲಿಲ್ಲ! ನಮ್ಮ ಚಿಕ್ಕಪ್ಪನ ಕಾರ್ಡಿನಲ್ಲಿ ಅಪ್ಪನ ಹೆಸರಿನ ಜಾಗದಲ್ಲಿ ಅಣ್ಣನ ಹೆಸರು. ತಿದ್ದಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಆಗ ಅದು ಅಷ್ಟು ದೊಡ್ಡ ವಿಷಯ ಅನ್ನಿಸಲೂ ಇಲ್ಲ.

ಈ ಕಾರ್ಡು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ನಮ್ಮ ಹಳೇ ಕಾಲವನ್ನು ಸುಳ್ಳೇ ಹೊಗಳಿದಂತೆ. ಊರೇ ಗುರುತು ಹಿಡಿಯುತ್ತಿತ್ತು ಎನ್ನುತ್ತೇವಲ್ಲ, ಊರು ಅಂದರೆ ಯಾರು? ಊರು ಅಂದರೆ ನಾವು ಜಮೀನಿದ್ದವರು. ಮತಗಟ್ಟೆಯಲ್ಲಿ ಏಜೆಂಟಾಗಿ ಕೂರುವವನು ತೋಟ ಇದ್ದವನ ಮಗ. ಕೊನೆ ಕೊಯ್ಯುವವನು, ಗದ್ದೆ ಕೆಲಸಕ್ಕೆ ಬರುವವಳು ಬಂದು ನಿಂತಾಗ "ಹೌದು, ನಮ್ಮ ಮನೆಯ ಆಳು" ಎಂದು ಅವನು ತಲೆಯಾಡಿಸಬೇಕು. ಸತ್ತವರು ಬಂದು ಮತ ಹಾಕಿ ಹೋದ ಕಥೆಗಳು ನಮ್ಮ ಜಗುಲಿಗಳಲ್ಲಿ ನಗುತ್ತ ಹೇಳಿಕೊಂಡವೇ ಅಲ್ಲವೇ? ಅಂಥ ಕಾಲದಲ್ಲಿ ಬಡವನ ಕೈಗೆ ಸರ್ಕಾರವೇ ಒಂದು ಕಾರ್ಡು ಕೊಟ್ಟು "ನೀನು ಇಂಥವನು, ಇದಕ್ಕೆ ಬೇರೆ ಯಾರ ಸಾಕ್ಷಿಯೂ ಬೇಡ" ಎಂದದ್ದು ಸಣ್ಣ ಮಾತಲ್ಲ. ಆ ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ದೇವರ ಫೋಟೋದ ಹಿಂದೆ ಇಟ್ಟುಕೊಂಡವರನ್ನು ನಾನು ಬಲ್ಲೆ.

ಕೊಡುವ ಕಾರ್ಡು ಕೇಳುವ ಕಾರ್ಡಾದಾಗ ವಿಷಯ ತಿರುವುಮುರುವಾಯಿತು. ಮೊದಲು ಸರ್ಕಾರ ಮನೆಗೆ ಬಂದು ಹೆಸರು ಬರೆದುಕೊಳ್ಳುತ್ತಿತ್ತು. ಈಗ ನಾನು ನಾನೇ ಎಂದು ನಾನು ರುಜುವಾತು ಮಾಡಬೇಕು.

ಕಾರ್ಡು ಇಲ್ಲದವರಿಗೆ ಬೇರೆ ದಾಖಲೆಗಳಿವೆಯಲ್ಲ ಎನ್ನುತ್ತೀರಿ. ಇವೆ. ಆಯೋಗ ಒಪ್ಪುವ ಪಟ್ಟಿಯಲ್ಲಿ ಹನ್ನೆರಡು ಇವೆ: ಆಧಾರ್, ಉದ್ಯೋಗ ಖಾತ್ರಿ ಕಾರ್ಡು, ಬ್ಯಾಂಕು ಅಥವಾ ಅಂಚೆ ಕಚೇರಿಯ ಫೋಟೋ ಇರುವ ಪಾಸ್‌ಬುಕ್, ಡ್ರೈವಿಂಗ್ ಲೈಸೆನ್ಸ್, ಪ್ಯಾನ್ ಕಾರ್ಡು, ಪಾಸ್‌ಪೋರ್ಟು, ಫೋಟೋ ಇರುವ ಪಿಂಚಣಿ ದಾಖಲೆ, ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ, ಕಾರ್ಮಿಕ ಇಲಾಖೆಯ ಆರೋಗ್ಯ ವಿಮೆಯ ಕಾರ್ಡು, ಜನಸಂಖ್ಯಾ ನೋಂದಣಿಯ ಸ್ಮಾರ್ಟ್ ಕಾರ್ಡು, ಸರ್ಕಾರಿ ನೌಕರರ ಗುರುತಿನ ಚೀಟಿ, ಕೊನೆಯದಾಗಿ ಶಾಸಕರು ಸಂಸದರಿಗೆ ಕೊಟ್ಟ ಗುರುತಿನ ಚೀಟಿ. ಕೊನೆಯದನ್ನು ಓದಿ ನಗಬೇಡಿ, ಪಾಪ ಅವರನ್ನೂ ಮತಗಟ್ಟೆಯಲ್ಲಿ ಯಾರೂ ಗುರುತಿಸದಿದ್ದರೆ!

ಈ ಹನ್ನೆರಡರಲ್ಲಿ ರೈತನದು ಯಾವುದು? ಪಡಿತರ ಚೀಟಿ ಇಲ್ಲ. ಪಹಣಿ ಇಲ್ಲ. ಪ್ರಾಥಮಿಕ ಸಹಕಾರಿ ಸಂಘದ ಪಾಸ್‌ಬುಕ್ ಇಲ್ಲ. ಸಂಘ ಬ್ಯಾಂಕ್ ಅಲ್ಲ, ಎಷ್ಟೋ ಪಾಸ್‌ಬುಕ್ಕಿನಲ್ಲಿ ಫೋಟೋವೂ ಇರುವುದಿಲ್ಲ. 2009ರ ಲೋಕಸಭಾ ಚುನಾವಣೆಯ ಹೊತ್ತಿಗೆ ಫೋಟೋ ಇರುವ ಕಿಸಾನ್ ಪಾಸ್‌ಬುಕ್ಕನ್ನೂ, ಜಮೀನಿನ ಪತ್ರಗಳನ್ನೂ ಒಪ್ಪುತ್ತಿದ್ದರು. ಆಮೇಲೆ ಅವು ಪಟ್ಟಿಯಿಂದ ಜಾರಿಹೋದವು. ಯಾವ ರೈತ ಮುಖಂಡನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಪಹಣಿಯಲ್ಲಿ ಫೋಟೋ ಇಲ್ಲ ಎಂಬುದು ನಿಜ, ಒಪ್ಪೋಣ. ಆದರೆ ನನಗೆ ಸಾಲ ಕೊಡಲು, ಬೋಜಾ ಏರಿಸಲು, ಬಾಕಿಯಾದರೆ ಜಪ್ತಿ ಮಾಡಲು ನಾನು ಯಾರೆಂದು ಸರ್ಕಾರಕ್ಕೆ ಆ ಪಹಣಿಯಿಂದಲೇ ಚೆನ್ನಾಗಿ ಗೊತ್ತಾಗುತ್ತದೆ. ವಸೂಲಿಗೆ ಬರುವವನು ಎಂದಾದರೂ "ನೀನು ನೀನೇ ಹೌದೋ" ಎಂದು ಕೇಳಿದ್ದುಂಟೇ?

ಆಧಾರ್ ಎಲ್ಲರಲ್ಲೂ ಇದೆ ಎಂಬ ಮಾತೂ ಅರ್ಧ ಸತ್ಯ. ಕಾರ್ಡು ಇದೆ, ಆದರೆ ಹೆಸರು ತಾಳೆಯಾಗಬೇಕಲ್ಲ. ನಮ್ಮ ಸೀಮೆಯ ಹೆಸರುಗಳ ಪಾಡು ನಿಮಗೆ ಗೊತ್ತಿದ್ದದ್ದೇ. ಒಂದು ಊರಿನಲ್ಲಿ ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಟ್ಟು, ಅಪ್ಪನ ಹೆಸರು ಸೇರಿಸಿ, ಮೇಲೆ ಹೆಗಡೆ, ಭಟ್ಟ, ನಾಯ್ಕ, ಗೌಡ ಎಂದು ಬರೆದರೆ ಒಂದೇ ಹೆಸರಿನವರು ಮೂವರು ನಾಲ್ವರು ಸಿಗುತ್ತಾರೆ. ಒಂದು ಕಡೆ ಹೆಗಡೆ, ಇನ್ನೊಂದು ಕಡೆ ಹೆಗ್ಡೆ. ಒಂದು ಕಡೆ ಪೂರ್ತಿ ಹೆಸರು, ಇನ್ನೊಂದು ಕಡೆ ಇನಿಶಿಯಲ್ಲು. ಹೆಂಗಸರ ಕಷ್ಟವಂತೂ ಕೇಳುವುದೇ ಬೇಡ. ಮದುವೆಯ ದಿನ ಗಂಡನ ಮನೆಯವರು ಹೊಸ ಹೆಸರಿಡುವ ಪದ್ಧತಿ ನಮ್ಮಲ್ಲಿ ಮೊನ್ನೆ ಮೊನ್ನೆಯವರೆಗೂ ಇತ್ತು. ಶಾಲೆಯ ಸರ್ಟಿಫಿಕೇಟಿನಲ್ಲಿ ತವರಿನ ಹೆಸರು, ಪಡಿತರ ಚೀಟಿಯಲ್ಲಿ ಗಂಡನ ಮನೆಯ ಹೆಸರು, ಮತದ ಕಾರ್ಡಿನಲ್ಲಿ ಬರೆದುಕೊಂಡವನ ಕಿವಿಗೆ ಕೇಳಿದ ಹೆಸರು. ಹುಟ್ಟಿದ ದಿನವೂ ಹಾಗೇ. ನನ್ನನ್ನು ಶಾಲೆಗೆ ಹಾಕುವಾಗ ಮಾಸ್ತರರು ಜೂನ್ 1 ಎಂದು ಬರೆದರು. ನಮ್ಮ ತರಗತಿಯ ಅರ್ಧದಷ್ಟು ಮಕ್ಕಳು ಜೂನ್ 1ರಂದೇ ಹುಟ್ಟಿದವರು!

ಈ ತಾಳೆಯಾಗದ ಹೆಸರಿನ ಬಿಸಿ ನಮಗೆ ಹೊಸದಲ್ಲ. 2018ರ ಸಾಲಮನ್ನಾ ನೆನಪು ಮಾಡಿಕೊಳ್ಳಿ. ಆಧಾರ್, ಪಡಿತರ ಚೀಟಿ, ಪಹಣಿ ಮೂರೂ ತನ್ನಿ ಎಂದರು. ಮೂರರಲ್ಲಿ ಮೂರು ಬಗೆ ಹೆಸರಿದ್ದವರು ಎಷ್ಟು ದಿನ ಸಾಲಿನಲ್ಲಿ ನಿಂತರು? ಆಗ ನಾವು ದುಡ್ಡಿನ ವಿಷಯವಾದ್ದರಿಂದ ಬಿಡದೆ ಅಲೆದು ಸರಿ ಮಾಡಿಸಿಕೊಂಡೆವು. ಮತದ ವಿಷಯಕ್ಕೆ ಅಷ್ಟು ಅಲೆಯುವವರು ಯಾರು? ಒಂದು ದಿನದ ಕೂಲಿ ಬಿಟ್ಟು ಶಿರಸಿಗೆ ಬಸ್ಸು ಹತ್ತುವವರು ಯಾರು? ನಮ್ಮ ತೋಟಕ್ಕೆ ಬರುವ ಕೊನೆಗೌಡ ಒಮ್ಮೆ ಹೇಳಿದ: "ಒಡೆಯಾ, ಪಡಿತರದ ಅಂಗಡಿಯಲ್ಲಿ ಬೆರಳು ಒತ್ತಿದರೆ ಮಿಷನ್ನು ನನ್ನನ್ನು ಅಲ್ಲ ಅನ್ನುತ್ತದೆ." ಹಗ್ಗ ಹಿಡಿದು ಮರ ಏರಿ ಇಳಿದು ಅವನ ಬೆರಳಿನ ಗೆರೆ ಸವೆದಿದೆ. ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುವ ಹೆಂಗಸರ ಬೆರಳು ಚೊಗರು ಹಿಡಿದು ಕಪ್ಪು. ಪುಣ್ಯಕ್ಕೆ ಮತಗಟ್ಟೆಯಲ್ಲಿ ಬೆರಳಿನ ಗೆರೆ ಕೇಳುವುದಿಲ್ಲ, ಅದಕ್ಕೆ ಮಸಿ ಹಚ್ಚುತ್ತಾರೆ ಅಷ್ಟೇ. ಆ ಮಸಿ ನಮ್ಮ ಮೈಸೂರಿನದು, 1962ರ ಚುನಾವಣೆಯಿಂದ ದೇಶಕ್ಕೆಲ್ಲ ಮೈಸೂರಿನ ಬಣ್ಣದ ಕಾರ್ಖಾನೆಯಿಂದಲೇ ಹೋಗುತ್ತಿದೆ. ಒಬ್ಬ ಎರಡು ಸಲ ಮತ ಹಾಕುವುದನ್ನು ತಡೆಯುವ ಕೆಲಸವನ್ನು ಆ ಮಸಿ ಸದ್ದಿಲ್ಲದೆ ಮಾಡಿಕೊಂಡು ಬಂದಿದೆ, ಯಾರಿಂದಲೂ ಒಂದು ಕಾಗದ ಕೇಳದೆ.

ನಮ್ಮನ್ನು ಆಳಿ ಹೋದ ಇಂಗ್ಲೆಂಡಿನವರೂ ಈಚೆಗೆ ಈ ದಾರಿ ಹಿಡಿದರು. 2022ರಲ್ಲಿ ಕಾಯಿದೆ ಮಾಡಿ, 2023ರ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ಫೋಟೋ ಗುರುತು ಕಡ್ಡಾಯ ಮಾಡಿದರು. ಮತಗಟ್ಟೆ ತನಕ ಬಂದು, ಚೀಟಿ ಇಲ್ಲದೆ ವಾಪಸಾಗಿ, ಮತ್ತೆ ಬಾರದೆ ಹೋದವರು ಕಡಿಮೆಯೆಂದರೂ 14,000 ಮಂದಿ ಎಂದು ಅಲ್ಲಿನ ಚುನಾವಣಾ ಆಯೋಗವೇ ಲೆಕ್ಕ ಕೊಟ್ಟಿತು. ಮನೆಯಿಂದಲೇ ಹೊರಡದವರು ಆ ಲೆಕ್ಕಕ್ಕೆ ಸೇರಿಲ್ಲ. ನಮ್ಮಲ್ಲಿ ಎಷ್ಟು ಅಜ್ಜಿಯರು ವಾಪಸು ಹೋದರು? ಮತಗಟ್ಟೆಯ ಬಾಗಿಲಲ್ಲಿ ತಿರುಗಿದವರ ಹೆಸರು ಯಾವ ವಹಿಯಲ್ಲೂ ಏರುವುದಿಲ್ಲ.

ಇಲ್ಲಿಯ ತನಕ ಹೇಳಿದ್ದು ಕಾರ್ಡಿನ ಕಥೆ. ಈಗ ಅದಕ್ಕಿಂತ ದೊಡ್ಡದಕ್ಕೆ ಬರುತ್ತೇನೆ. ಬಂಧುಗಳೇ, ನಿಮ್ಮಲ್ಲಿ ಬಹಳ ಮಂದಿ ಕಾರ್ಡು ಕಿಸೆಯಲ್ಲಿದ್ದರೆ ಮತ ಇದ್ದಂತೆ ಎಂದು ತಿಳಿದಿದ್ದೀರಿ. ಅದು ತಪ್ಪು. ಮತ ಇರುವುದು ಪಟ್ಟಿಯಲ್ಲಿ. ಪಟ್ಟಿಯಲ್ಲಿ ಹೆಸರಿದ್ದು ಕಾರ್ಡು ಕಳೆದರೆ ಆಧಾರ್ ತೋರಿಸಿ ಮತ ಹಾಕಬಹುದು. ಕಾರ್ಡಿದ್ದು ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಬ್ರಹ್ಮ ಬಂದರೂ ಆ ದಿನ ಮತ ಹಾಕಲಾಗದು. ಕಾರ್ಡು ತುಕ್ಕು ಹಿಡಿಯದ ಹಾಗೆ ಕಾಯ್ದೆವು, ಪಟ್ಟಿಯನ್ನು ಮಾತ್ರ ತೆರೆದೂ ನೋಡಲಿಲ್ಲ.

ಪಟ್ಟಿಯಿಂದ ಹೆಸರು ಹೇಗೆ ಹೋಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮದೇ ರಾಜ್ಯದ ಕಲಬುರಗಿ ಜಿಲ್ಲೆಯ ಆಳಂದ. 2023ರ ವಿಧಾನಸಭೆ ಚುನಾವಣೆಗೆ ಮುಂಚೆ ಅಲ್ಲಿ ಮತದಾರರ ಹೆಸರು ತೆಗೆಯಿರಿ ಎಂದು 6,018 ಅರ್ಜಿಗಳು ಆನ್‌ಲೈನಿನಲ್ಲಿ ಬಂದವು. ಹೆಸರು ತೆಗೆಯಲು ಕೊಡುವ ಅರ್ಜಿಗೆ ನಮೂನೆ 7 ಎನ್ನುತ್ತಾರೆ. ತನ್ನ ಸಂಬಂಧಿಕರ ಹೆಸರೇ ತೆಗೆಯುವ ಅರ್ಜಿಯಲ್ಲಿದ್ದುದನ್ನು ಮತಗಟ್ಟೆ ಮಟ್ಟದ ಅಧಿಕಾರಿಯೊಬ್ಬರು ಕಂಡದ್ದರಿಂದ ವಿಷಯ ಹೊರಬಿತ್ತು. ಯಾರ ಹೆಸರಿನಲ್ಲಿ ಅರ್ಜಿ ಬಂದಿತ್ತೋ ಅವರಿಗೇ ಅದರ ಸುದ್ದಿ ಗೊತ್ತಿರಲಿಲ್ಲ! ತನಿಖೆ ಮಾಡಿ ನೋಡಿದರೆ ಆರು ಸಾವಿರದಲ್ಲಿ ಸರಿಯಾದ ಅರ್ಜಿಗಳು 24. ಉಳಿದ 5,994 ಬೋಗಸ್ಸು. 2023ರ ಫೆಬ್ರವರಿಯಲ್ಲಿ ಪೊಲೀಸ್ ಕೇಸು ದಾಖಲಾಯಿತು, 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ಮಾಡಿತು. ಒಂದು ಮಾತು ಗಮನಿಸಿ. ಅದೇ ಆಳಂದದಲ್ಲಿ 2018ರ ಚುನಾವಣೆಯಲ್ಲಿ ಗೆದ್ದವರಿಗೂ ಸೋತವರಿಗೂ ನಡುವೆ ಇದ್ದ ಅಂತರ 697 ಮತ. ಇನ್ನೂ ಹಿಂದೆ, 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಮತದಿಂದ ಶಾಸಕರು ಆರಿಸಿ ಬಂದರು. ಹೀಗಿರುವಾಗ ಒಂದು ಕೇರಿಯ ಹತ್ತು ಹೆಸರು ಹೋದರೆ ಏನಾಯಿತು ಎನ್ನುವಂತಿಲ್ಲ.

ಆಳಂದದ್ದು ಕಳ್ಳತನ. ಕಾನೂನಿನ ದಾರಿಯಲ್ಲೇ ಹೆಸರು ಹೋಗುವುದೂ ಇದೆ. 2025ರ ಜೂನ್ 24ರಂದು ಬಿಹಾರದಲ್ಲಿ ಮತಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಗೆ ಆಯೋಗ ಆದೇಶ ಮಾಡಿತು. 7.89 ಕೋಟಿ ಇದ್ದ ಪಟ್ಟಿ ಆಗಸ್ಟ್ 1ರ ಕರಡಿನಲ್ಲಿ 7.24 ಕೋಟಿಗೆ ಇಳಿಯಿತು. 65 ಲಕ್ಷ ಹೆಸರು ಇಲ್ಲ. ಸತ್ತವರು, ಊರು ಬಿಟ್ಟವರು, ಎರಡು ಕಡೆ ಇದ್ದವರು ಎಂದು ಕಾರಣ ಹೇಳಿದರು. ಅವರಲ್ಲಿ ನಿಜವಾಗಿ ಸತ್ತವರೂ ಬಹಳ ಇದ್ದಾರು. ಆದರೆ ಯಾರ ಹೆಸರು, ಯಾವ ಕಾರಣಕ್ಕೆ ಎಂದು ಪ್ರಕಟಿಸಿ ಎಂದು ಸುಪ್ರೀಂ ಕೋರ್ಟು ಹೇಳಬೇಕಾಯಿತು. ಕೇಳಿದ ಹನ್ನೊಂದು ದಾಖಲೆಗಳಲ್ಲಿ ಆಯೋಗ ತಾನೇ ಕೊಟ್ಟ ಮತದ ಕಾರ್ಡು ಇರಲಿಲ್ಲ. ಆಧಾರೂ ಇರಲಿಲ್ಲ, ಕೋರ್ಟು ಹೇಳಿದ ಮೇಲೆ ಸೆಪ್ಟೆಂಬರಿನಲ್ಲಿ ಗುರುತಿಗಾಗಿ ಮಾತ್ರ ಎಂದು ಒಪ್ಪಿದರು. ಕೊನೆಗೆ ಸೆಪ್ಟೆಂಬರ್ 30ಕ್ಕೆ ಪಟ್ಟಿ 7.42 ಕೋಟಿಗೆ ನಿಂತಿತು. 2025ರ ಅಕ್ಟೋಬರ್ 27ರಂದು ಇನ್ನೂ 12 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಇದನ್ನು ಹಬ್ಬಿಸಿದರು. ಆ ಸುತ್ತಿನಲ್ಲಿ ಕರ್ನಾಟಕ ಇರಲಿಲ್ಲ. ನಮ್ಮ ಮಗ್ಗುಲಿನ ಗೋವಾ ಇತ್ತು, ಕೇರಳ ಇತ್ತು. ನಮ್ಮ ಕಡೆಯ ಎಷ್ಟು ಮಂದಿ ಗೋವಾದಲ್ಲಿ ಕೂಲಿಗಿದ್ದಾರೆ ಎಂದು ನಿಮಗೇ ಗೊತ್ತು.

ಬಿಹಾರದಲ್ಲಿ 2003ರ ಪಟ್ಟಿಯಲ್ಲಿ ಹೆಸರಿದ್ದವರಿಗೆ ದಾಖಲೆಯ ಕಾಟ ಕಡಿಮೆ ಇತ್ತು. ಕರ್ನಾಟಕದಲ್ಲಿ ಇಂಥ ಪರಿಷ್ಕರಣೆ ಹಿಂದೆ ಆದದ್ದು 2002ರಲ್ಲಿ. ಹಾಗಾಗಿ ಆ 2002ರ ಪಟ್ಟಿಯಲ್ಲಿ ನೀವು, ನಿಮ್ಮ ತಂದೆತಾಯಿ ಯಾವ ಮತಗಟ್ಟೆಯಲ್ಲಿ, ಯಾವ ಕ್ರಮಸಂಖ್ಯೆಯಲ್ಲಿ ಇದ್ದಿರಿ ಎಂದು ಬರೆದಿಟ್ಟುಕೊಳ್ಳುವುದು ಜಾಣತನ. ಮದುವೆಯಾಗಿ ಬಂದ ಹೆಂಗಸರದು ತವರಿನ ಪಟ್ಟಿಯಲ್ಲಿ ಹುಡುಕಬೇಕು.

ಬಿಹಾರದ ಆ ಹನ್ನೊಂದು ದಾಖಲೆಗಳಲ್ಲಿ ಅರಣ್ಯ ಹಕ್ಕು ಪತ್ರವೂ ಒಂದು. ಅದನ್ನು ಓದಿದಾಗ ನನ್ನ ಮನಸ್ಸು ಯಲ್ಲಾಪುರದ ಕಾಡಿನ ಕಡೆ ಹೋಯಿತು. ನಮ್ಮ ಜಿಲ್ಲೆಯಲ್ಲಿ ಅರಣ್ಯ ಹಕ್ಕಿಗೆ ಹಾಕಿದ ಅರ್ಜಿಗಳಲ್ಲಿ ಬಹುಪಾಲು ತಿರಸ್ಕಾರವಾದವು. ಸಿದ್ದಿಯರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು, ಅವರಲ್ಲಿ ಕೆಲವರಿಗೆ ಪತ್ರ ಇದೆ. ದನ ಎಮ್ಮೆ ಕಟ್ಟಿಕೊಂಡು ಕಾಡಿನಂಚಿನಲ್ಲಿರುವ ಗೌಳಿಗಳಿಗೆ, ಎರಡು ಮೂರು ತಲೆಮಾರಿನಿಂದ ಅತಿಕ್ರಮಣದ ಜಾಗದಲ್ಲಿ ಉಳುತ್ತಿರುವವರಿಗೆ ಏನಿದೆ? ಮನೆ ನಂಬರಿಲ್ಲ, ಪಹಣಿ ಇಲ್ಲ, ಹುಟ್ಟಿದ ಸರ್ಟಿಫಿಕೇಟಂತೂ ಇಲ್ಲವೇ ಇಲ್ಲ. ಅವರಿಗಿರುವುದು ಪಟ್ಟಿಯಲ್ಲಿನ ಹೆಸರೊಂದೇ. "ಅದು ಅವರ ಕಷ್ಟ, ನಮಗೆ ಪಹಣಿ ಇದೆ" ಎನ್ನಬೇಡಿ. ನಮ್ಮ ಬೆಟ್ಟದ ಹಕ್ಕು, ಕಾಡುಪ್ರಾಣಿ ತಿಂದ ಬೆಳೆಯ ಪರಿಹಾರ, ಹಳ್ಳದ ಸಂಕ, ಬಾರದ ಬಸ್ಸು ಇವಕ್ಕೆಲ್ಲ ಶಾಸಕನ ಬಾಗಿಲಿಗೆ ಹೋದಾಗ ಅವನು ಎಣಿಸುವುದು ಮಲೆನಾಡಿನ ಒಟ್ಟು ತಲೆ. ಅದರಲ್ಲಿ ಅವರ ತಲೆಯೂ ಸೇರಿದೆ. ನಮ್ಮ ಮಕ್ಕಳು ಬೆಂಗಳೂರು ಸೇರಿ ಊರು ಖಾಲಿಯಾಗುತ್ತ ಬಂದಿರುವಾಗ ಇದು ಇನ್ನೂ ನಿಜ.

ಮಕ್ಕಳ ಮಾತು ಬಂತಲ್ಲ, ನಮ್ಮ ಕಡೆಯ ತಪ್ಪನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಮನೆ ಮಾಡಿ, ಅಲ್ಲೂ ಹೆಸರು ಸೇರಿಸಿ, ಊರಿನದನ್ನೂ ಇಟ್ಟುಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. ಎರಡು ಕಡೆ ಹೆಸರಿರಕೂಡದು. ಸುಳ್ಳು ಹೇಳಿಕೆ ಕೊಟ್ಟರೆ ಒಂದು ವರ್ಷದ ತನಕ ಜೈಲು ಎಂದು ಕಾಯಿದೆಯಲ್ಲಿದೆ. ನಾವು ಹೀಗೆ ಮಾಡುವುದರಿಂದಲೇ "ಹಳ್ಳಿಯ ಪಟ್ಟಿ ಎಲ್ಲ ಬೋಗಸ್ಸು" ಎನ್ನುವವರಿಗೆ ಮಾತು ಸಿಗುತ್ತದೆ, ಆ ಮಾತಿನ ಏಟು ಬೀಳುವುದು ಗೌಳಿಯ ಮೇಲೆ. ಅಪ್ಪ ಅಮ್ಮ ಸತ್ತ ಮೇಲೆ ಅವರ ಹೆಸರು ತೆಗೆಸುವುದೂ ನಮ್ಮ ಕೆಲಸ. ವೈಕುಂಠ ಸಮಾರಾಧನೆಗೆ ನೂರು ಜನಕ್ಕೆ ಊಟ ಹಾಕುತ್ತೇವೆ, ಒಂದು ಅರ್ಜಿ ಕೊಡಲು ಆಗುವುದಿಲ್ಲ.

ಇನ್ನು ನಮ್ಮ ಹಕ್ಕು ಏನೇನಿದೆ ಎಂದು ತಿಳಿದಿರಿ. ಇದನ್ನು ಕೇಳದೆ ಯಾರೂ ಹೇಳುವುದಿಲ್ಲ. ಕಾರ್ಡಿನಲ್ಲಿ ಅಕ್ಷರ ತಪ್ಪಿದ್ದರೆ, ಗುರುತು ಹತ್ತುವಂತಿದ್ದರೆ, ಅಷ್ಟಕ್ಕೇ ವಾಪಸು ಕಳಿಸಕೂಡದು. ಬೇರೆ ಕ್ಷೇತ್ರದಲ್ಲಿ ಕೊಟ್ಟ ಹಳೇ ಕಾರ್ಡಾದರೂ, ಈ ಮತಗಟ್ಟೆಯ ಪಟ್ಟಿಯಲ್ಲಿ ಹೆಸರಿದ್ದರೆ ನಡೆಯುತ್ತದೆ. ಏಜೆಂಟನೊಬ್ಬ "ಇವನು ಅವನಲ್ಲ" ಎಂದರೆ ಬರೇ ಬಾಯಿ ಮಾತಿಗೆ ಬೆಲೆಯಿಲ್ಲ, ಅವನು ಎರಡು ರೂಪಾಯಿ ಕಟ್ಟಿ ತಕರಾರು ಹಾಕಬೇಕು, ಅಧ್ಯಕ್ಷಾಧಿಕಾರಿ ಅಲ್ಲೇ ವಿಚಾರಿಸಬೇಕು. ನಿಮ್ಮ ಮತವನ್ನು ಬೇರೆ ಯಾರೋ ಹಾಕಿ ಹೋಗಿದ್ದರೆ ಸುಮ್ಮನೆ ಮನೆಗೆ ಬರಬೇಡಿ, ಟೆಂಡರ್ ಮತ ಕೊಡಿ ಎಂದು ಕೇಳಿ, ಕಾಗದದ ಮತಪತ್ರ ಕೊಡುತ್ತಾರೆ. ಊರಿನಲ್ಲಿ ವಾಸವಿಲ್ಲ ಎಂಬ ಕಾರಣಕ್ಕೆ ಹೆಸರು ತೆಗೆಯುವುದಿದ್ದರೆ ಮೊದಲು ನಿಮ್ಮನ್ನು ಕೇಳಬೇಕು, ನಿಮ್ಮ ಮಾತು ಹೇಳಲು ಅವಕಾಶ ಕೊಡಬೇಕು. ಇದು 1950ರ ಕಾಯಿದೆಯಲ್ಲೇ ಇದೆ. ನಾಲ್ಕು ತಿಂಗಳು ಕೂಲಿಗೆ ಗೋವಾಕ್ಕೆ ಹೋದವನು ಊರು ಬಿಟ್ಟಂತಲ್ಲ ಎಂಬುದೂ ಅದೇ ಕಾಯಿದೆಯಲ್ಲಿದೆ. ಹೆಸರು ಸೇರಿಸಲು ನಮೂನೆ 6, ತಿದ್ದಲು ಮತ್ತು ಹೊಸ ಕಾರ್ಡಿಗೆ ನಮೂನೆ 8. ಮತಪಟ್ಟಿಗೆ ಆಧಾರ್ ನಂಬರು ಕೊಡಲೇಬೇಕೆಂಬ ಕಡ್ಡಾಯವಿಲ್ಲ ಎಂದು ಆಯೋಗವೇ 2023ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿದೆ.

ಆ ಅಜ್ಜಿಯ ಕಥೆ ಅರ್ಧಕ್ಕೇ ಬಿಟ್ಟಿದ್ದೆ. 2023ರ ಮೇ ತಿಂಗಳ ವಿಧಾನಸಭೆ ಚುನಾವಣೆಯಲ್ಲಿ ಎಂಬತ್ತು ದಾಟಿದವರಿಗೆ ಮನೆಯಲ್ಲೇ ಮತ ಹಾಕುವ ಅನುಕೂಲ ಮಾಡಿದರು. ಅಜ್ಜಿಯೂ ಅರ್ಜಿ ಕೊಟ್ಟಿದ್ದರು. ಒಂದು ದಿನ ಬೆಳಿಗ್ಗೆ ಇಬ್ಬರು ಅಧಿಕಾರಿಗಳು, ಒಬ್ಬ ಪೊಲೀಸು, ಒಬ್ಬ ವೀಡಿಯೋದವನು, ಎಲ್ಲರೂ ಪ್ಯಾಂಟು ಮಡಚಿಕೊಂಡು ಅದೇ ಸಂಕ ದಾಟಿ, ಅದೇ ಹಾದಿ ಹತ್ತಿ ಅಜ್ಜಿಯ ಮನೆ ಜಗುಲಿಗೆ ಬಂದರು. ಅಜ್ಜಿ ಅವರಿಗೆ ಬೆಲ್ಲ ನೀರು ಕೊಟ್ಟು, ಮತ ಹಾಕಿ, ಬೆರಳು ತೋರಿಸಿ ನಕ್ಕರಂತೆ. ಹಾಗಾದರೆ ಸರ್ಕಾರಕ್ಕೆ ಮನಸ್ಸಿದ್ದರೆ ಸಂಕ ದಾಟುವುದು ಗೊತ್ತಿದೆ ಎಂದಾಯಿತು. 2024ಕ್ಕೆ ಆ ವಯಸ್ಸನ್ನು 85ಕ್ಕೆ ಏರಿಸಿಬಿಟ್ಟರು, ಅಜ್ಜಿ ಮತ್ತೆ ಹೊರಗಾದರು. ಆ ಸಲ ಮೊಮ್ಮಗ ಕಾರಿನಲ್ಲಿ ಕರೆದುಕೊಂಡು ಬಂದ, ಆಧಾರ್ ಸಮೇತ.

ನಾವು ಕೇಳಬೇಕಾದ್ದು ಭಾರಿಯದೇನೂ ಅಲ್ಲ. ಫೋಟೋ ಅಂಟಿಸಿ ಮೊಹರು ಹಾಕಿದ ಸಹಕಾರಿ ಸಂಘದ ಪಾಸ್‌ಬುಕ್ಕನ್ನು ಗುರುತಿಗೆ ಒಪ್ಪಲಿ. ಪಡಿತರ ಚೀಟಿಯನ್ನೂ ಒಪ್ಪಲಿ. ಹೆಸರು ತೆಗೆಯುವ ಮುಂಚೆ ನೋಟೀಸು ಮನೆಗೇ ಬರಲಿ, ಮೊಬೈಲಿಗಲ್ಲ. ಬೆಟ್ಟದ ಹಿಂದಿನ ಕೇರಿಗಳಲ್ಲಿ ಟವರು ಸಿಗುವುದಿಲ್ಲ ಎಂಬುದು ಅಧಿಕಾರಿಗಳಿಗೆ ಗೊತ್ತಿಲ್ಲದ್ದೇನಲ್ಲ. ಮತ್ತೆ, ಪರಿಷ್ಕರಣೆಯ ಹೊತ್ತಿಗೆ ಮತಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು ಎಂದು ಆಯೋಗದ ಸೂಚನೆಯೇ ಇದೆ. ನಿಮ್ಮ ಪಂಚಾಯತಿಯಲ್ಲಿ ಕೊನೆಯ ಬಾರಿ ಓದಿದ್ದು ಯಾವಾಗ? ನಾನಂತೂ ಕೇಳಿಲ್ಲ.

ಹಾಗಾಗಿ ಅವರನ್ನು ಕಾಯದೆ ನಮ್ಮ ಕೇರಿಯ ಮಟ್ಟಿಗೆ ನಾವೇ ಓದುವುದೆಂದು ನಿಶ್ಚಯಿಸಿದ್ದೇವೆ. ಒಂದು ಭಾನುವಾರ ಮಧ್ಯಾಹ್ನ, ಊಟದ ನಂತರ, ಶಾಲೆಯ ಜಗುಲಿಯಲ್ಲಿ. ಹೆಸರು ಹೆಸರಾಗಿ ಓದುವುದು, ಸತ್ತವರಿಗೆ ಗೀಟು, ಬಿಟ್ಟುಹೋದವರಿಗೆ ನಮೂನೆ ಅಲ್ಲೇ ತುಂಬುವುದು. ಹುಲೇಕಲ್ ಸುತ್ತಿನ ಬೇರೆ ಊರಿನವರೂ ಹೀಗೇ ಮಾಡಿ, ಮಾಡಿದ್ದನ್ನು ಪತ್ರಿಕೆಗೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಬರುವಾಗ ಮತದ ಕಾರ್ಡು, ಆಧಾರ್, ಪಾಸ್‌ಬುಕ್ ಮೂರನ್ನೂ ತನ್ನಿ. ಮನೆಯ ಹೆಂಗಸರನ್ನು ಕರೆದುಕೊಂಡು ಬನ್ನಿ, ಅವರ ತವರಿನ ಹೆಸರು ಅವರಿಂದಲೇ ಕೇಳಿ ಬರೆದುಕೊಳ್ಳಬೇಕು. ತೋಟಕ್ಕೆ ಬರುವ ಆಳುಗಳಿಗೆ ಆ ದಿನ ಬೇರೆ ಕೆಲಸ ಹೇಳಬೇಡಿ.